ಮೃಗ ಆದ್ರೂ ನಡೆಯುತ್ತೆ, ಕುಲ ಮಾತ್ರ ಸರಿಯಿರಬೇಕು

ಇದು ಸ್ವಲ್ಪ ಉದ್ದದ ಬರಹ. ಪುರುಸೊತ್ತಿದ್ದಾಗ ಓದಿ.

'ಬ್ಯೂಟಿ ಅಂಡ್ ದ ಬೀಸ್ಟ್' ಕತೆ ನಿಮಗೆಲ್ಲ ಗೊತ್ತಿರುತ್ತೆ. ಮಕ್ಕಳ ಪುಸ್ತಕದಲ್ಲಿ ಓದಿರ್ತೀರಿ, ಇಲ್ಲಾಂದ್ರೆ ಡಿಸ್ನಿ ಸಿನಿಮಾದಲ್ಲಿ ನೋಡಿರ್ತೀರಿ. ದಿವಾಳಿಯಾದ ವ್ಯಾಪಾರಿಯೊಬ್ಬ ಕಾಡಿನ ಅರಮನೆಯೊಂದರ ತೋಟದಲ್ಲಿ ಗುಲಾಬಿ ಕಿತ್ತು ಮೃಗದ ಕೈಗೆ ಸಿಕ್ಕಿಬೀಳ್ತಾನೆ. ಅಪ್ಪನ ಜೀವ ಉಳಿಸೋಕೆ ಮಗಳು ಆ ಮೃಗದ ಮನೆಗೆ ಹೋಗ್ತಾಳೆ. ಬರ್ತಾ ಬರ್ತಾ ಅದರ ಒಳ್ಳೇತನ ಕಂಡು ಪ್ರೀತಿಸ್ತಾಳೆ. ಮದುವೆಗೆ ಒಪ್ಪಿದ ಮೇಲೆ ಮೃಗ ಹೋಗಿ ರಾಜಕುಮಾರ ಬರ್ತಾನೆ. ರೂಪ ನೋಡಬೇಡ, ಗುಣ ನೋಡು ಅನ್ನೋದು ನೀತಿ. ಸ್ಕೂಲ್ ಡೇಗೆ ನಾಟಕ ಆಡಿಸೋಕೆ ಹೇಳಿ ಮಾಡಿಸಿದಂಥ ಕತೆ.

ಆದರೆ ಈ ಕತೆ ಮೊದಲ ಸಲ ಅಚ್ಚಾದಾಗ ಅಲ್ಲಿಗೆ ಮುಗಿದಿರಲಿಲ್ಲ. ಮೃಗ ಮನುಷ್ಯನಾದ ಮೇಲೂ ಪುಸ್ತಕ ಇನ್ನೂ ಬಹಳ ದೂರ ಹೋಗುತ್ತೆ. ಯಾಕಂದ್ರೆ ಹುಡುಗನ ತಾಯಿ ಬಂದು, ಹುಡುಗಿ ಯಾವ ಮನೆತನದೋಳು ಅಂತ ಕೇಳ್ತಾಳೆ. ಮುಂದೆ ಬಂದವರು ಆ ಭಾಗವನ್ನೇ ಕತ್ತರಿಸಿ ತೆಗೆದರು. ನಾವು ಓದಿರೋದು, ನೋಡಿರೋದು ಕತ್ತರಿಸಿ ಉಳಿದದ್ದನ್ನ. ಇವತ್ತು ನಾನು ಬರೀತಿರೋದು ಕತ್ತರಿಸಿ ಬಿಸಾಕಿದ್ದರ ಬಗ್ಗೆ.

ಪ್ರಾಣಿ ರೂಪದ ಗಂಡನ ಕತೆ ಯಾರೋ ಒಬ್ಬರು ಕೂತು ಕಟ್ಟಿದ್ದಲ್ಲ. ಎರಡನೇ ಶತಮಾನದಲ್ಲಿ ಲ್ಯಾಟಿನ್ ಲೇಖಕ ಅಪುಲಿಯಸ್ ಬರೆದ ಕ್ಯೂಪಿಡ್ ಮತ್ತು ಸೈಕಿ ಕತೆಯಲ್ಲಿ ಗಂಡ ಕತ್ತಲಲ್ಲಿ ಮಾತ್ರ ಬರ್ತಾನೆ, ಅವನು ಭಯಂಕರ ಹಾವು ಅಂತ ಅಕ್ಕಂದಿರು ಹೆದರಿಸ್ತಾರೆ. ಹದಿನಾರನೇ ಶತಮಾನದ ಇಟಲಿಯಲ್ಲಿ ಸ್ಟ್ರಾಪರೋಲಾ ಹಂದಿರಾಜನ ಕತೆ ಬರೆದ. ಹಾವಿನ ಗಂಡನ ಕತೆ ನಮ್ಮ ಅಜ್ಜಿಯರ ಬಾಯಲ್ಲೂ ಇದೆ. ಇಂಥ ಕತೆಯನ್ನ ತಗೊಂಡು, ಕಾದಂಬರಿಯಷ್ಟು ಉದ್ದಕ್ಕೆ ಹಿಗ್ಗಿಸಿ, ನಾವು ಇವತ್ತು 'ಬ್ಯೂಟಿ ಅಂಡ್ ದ ಬೀಸ್ಟ್' ಅಂತ ಕರೆಯೋ ಕತೆ ಮಾಡಿದವರು ಫ್ರಾನ್ಸಿನ ಒಬ್ಬ ಹೆಂಗಸು. ಹೆಸರು ಗೇಬ್ರಿಯೆಲ್-ಸೂಜಾನ್ ಬಾರ್ಬೋ ದ ವಿಲ್ನೆವ್. ವರ್ಷ 1740.

ಈ ವಿಲ್ನೆವ್ ಯಾರು ಅಂತ ಮೊದಲು ನೋಡೋಣ. ಹುಟ್ಟಿದ್ದು 1685ರಲ್ಲಿ. 1706ರಲ್ಲಿ ಸೈನ್ಯದ ಅಧಿಕಾರಿಯೊಬ್ಬನ ಜೊತೆ ಮದುವೆ. ಆತ ಆಸ್ತಿ ಕರಗಿಸೋ ಆಸಾಮಿ. ಮದುವೆಯಾಗಿ ಆರು ತಿಂಗಳಲ್ಲೇ ತನ್ನ ಪಾಲಿನ ಆಸ್ತಿ ಬೇರೆ ಮಾಡಿಕೊಡಿ ಅಂತ ಈಕೆ ಕೇಳಬೇಕಾಯ್ತು. 26ನೇ ವಯಸ್ಸಿಗೆ ವಿಧವೆ. ಕೈಲಿದ್ದದ್ದೂ ಹೋದ ಮೇಲೆ ಪ್ಯಾರಿಸ್ ಸೇರಿ, ಬರೆದು ಬದುಕಿದ ಹೆಂಗಸು. ಕ್ರೆಬಿಯೋಂ ಅನ್ನೋ ನಾಟಕಕಾರನ ಮನೆಯಲ್ಲಿದ್ದು 1755ರಲ್ಲಿ ತೀರಿಕೊಂಡಳು. ಅಂದ್ರೆ ಅರಮನೆಯಲ್ಲಿ ಕೂತು ಹೊತ್ತು ಹೋಗದೆ ಬರೆದವಳಲ್ಲ. ಮದುವೆ ಅನ್ನೋದು ಆಸ್ತಿಯ ವ್ಯವಹಾರ, ಮನೆತನದ ವ್ಯವಹಾರ ಅಂತ ಮೈಮೇಲೆ ಬಂದು ತಿಳಿದವಳು.

ಪುಸ್ತಕದ ಹೆಸರನ್ನೂ ಗಮನಿಸಿ. ಕನ್ನಡದಲ್ಲಿ ಹೇಳೋದಾದ್ರೆ 'ಅಮೆರಿಕದ ಯುವತಿ ಮತ್ತು ಸಮುದ್ರದ ಕತೆಗಳು'. ಅದರ ಹೊರಚೌಕಟ್ಟು ಒಂದು ಹಡಗಿನ ಪ್ರಯಾಣ. ಫ್ರಾನ್ಸಿನಲ್ಲಿ ಓದು ಮುಗಿಸಿದ ಹುಡುಗಿ ಸಾನ್ ದೊಮಾಂಗ್ ದ್ವೀಪದಲ್ಲಿರೋ ತಂದೆತಾಯಿಯ ಹತ್ರ ವಾಪಸ್ ಹೋಗ್ತಿದ್ದಾಳೆ. ದಾರಿಯಲ್ಲಿ ಬೇಜಾರು ಕಳೆಯೋಕೆ ಅವಳ ಸೇವಕಿ ಹೇಳೋ ಕತೆಯೇ ಈ ಮೃಗದ ಕತೆ.

ಸಾನ್ ದೊಮಾಂಗ್ ಅಂದ್ರೆ ಇವತ್ತಿನ ಹೈಟಿ. ಆಗ ಅದು ಫ್ರಾನ್ಸಿನ ವಸಾಹತು. ಆಫ್ರಿಕಾದಿಂದ ಹಿಡಿದು ತಂದ ಜನರನ್ನ ಗುಲಾಮರನ್ನಾಗಿ ಇಟ್ಕೊಂಡು ಕಬ್ಬು, ನೀಲಿ ಬೆಳೆಸ್ತಿದ್ದ ದ್ವೀಪ. ವಿಲ್ನೆವ್ ಹುಟ್ಟಿದ 1685ರಲ್ಲೇ ಹದಿನಾಲ್ಕನೇ ಲೂಯಿ 'ಕೋಡ್ ನ್ವಾರ್' ಹೊರಡಿಸಿದ್ದ. ಗುಲಾಮರ ಬದುಕನ್ನ ಕಲಂ ಕಲಂ ಆಗಿ ಬರೆದಿಟ್ಟ ಕಾನೂನು ಅದು. ಗುಲಾಮ ತಾಯಿಗೆ ಹುಟ್ಟಿದ ಮಗು ಗುಲಾಮನೇ, ಆ ತಾಯಿಯ ಒಡೆಯನ ಸೊತ್ತೇ ಅಂತ ಅದರಲ್ಲಿ ಬರೆದಿತ್ತು. ಹೊಟ್ಟೆಯೊಳಗಿರುವಾಗಲೇ ಹಣೆಬರಹ ಬರೆಯೋ ಕಾನೂನು ನಮಗೇನು ಹೊಸದಲ್ಲ, ಅಲ್ವಾ? ರೂಪಕ್ಕಿಂತ ಗುಣ ದೊಡ್ಡದು ಅನ್ನೋ ಈ ಕತೆ, ಮೈಬಣ್ಣ ನೋಡಿ ಮನುಷ್ಯನಿಗೆ ಬೆಲೆ ಕಟ್ಟೋ ದ್ವೀಪದ ಕಡೆ ಹೊರಟ ಹಡಗಿನಲ್ಲಿ ನಡೀತಿದೆ.

ಇನ್ನು ಕತೆಗೆ ಬರ್ತೀನಿ. ವಿಲ್ನೆವ್ ಬರೆದದ್ದರಲ್ಲಿ ವ್ಯಾಪಾರಿಗೆ ಆರು ಗಂಡು, ಆರು ಹೆಣ್ಣು ಮಕ್ಕಳು. ಕೊನೆಯವಳು ಬೆಲ್, ಅಂದ್ರೆ ಚೆಲುವೆ. ಮನೆ ಸುಟ್ಟು, ಹಡಗು ಮುಳುಗಿ ಎಲ್ಲ ಹಳ್ಳಿಗೆ ಬರ್ತಾರೆ. ಗುಲಾಬಿ, ಮೃಗ, ಅರಮನೆ ಎಲ್ಲ ನಮಗೆ ಗೊತ್ತಿರೋ ಹಾಗೇ. ಒಂದು ವ್ಯತ್ಯಾಸ ಏನಂದ್ರೆ, ಮೃಗ ದಿನಾ ರಾತ್ರಿ ಕೇಳೋದು ನನ್ನ ಮದುವೆ ಆಗ್ತೀಯಾ ಅಂತ ಅಲ್ಲ, ನಿನ್ನ ಜೊತೆ ಮಲಗಲಾ ಅಂತ. ಅವಳು ಬೇಡ ಅಂದ್ರೆ ಸುಮ್ಮನೆ ಎದ್ದು ಹೋಗುತ್ತೆ. ಅವಳ ಒಪ್ಪಿಗೆ ಇಲ್ಲದೆ ಏನೂ ನಡೆಯಲ್ಲ. ಗಂಡನಿಂದ ನೊಂದ ಹೆಂಗಸೊಬ್ಬಳು 1740ರಲ್ಲಿ ಇದನ್ನ ಬರೆದಳು ಅನ್ನೋದಕ್ಕೆ ನಾನು ಗೌರವ ಕೊಡ್ತೀನಿ. ಕೊನೆಗೆ ಬೆಲ್ ಒಪ್ತಾಳೆ. ಬೆಳಿಗ್ಗೆ ಎದ್ದು ನೋಡಿದ್ರೆ ಪಕ್ಕದಲ್ಲಿ ರಾಜಕುಮಾರ.

ಅಷ್ಟರಲ್ಲಿ ಅರಮನೆಗೆ ಇಬ್ಬರು ಹೆಂಗಸರು ಬರ್ತಾರೆ. ಒಬ್ಬಳು ಯಕ್ಷಿಣಿ, ಇನ್ನೊಬ್ಬಳು ರಾಜಕುಮಾರನ ತಾಯಿ, ಮಹಾರಾಣಿ. ಸಾಮಾನ್ಯ ರಾಣಿಯಲ್ಲ, ಗಂಡ ಸತ್ತ ಮೇಲೆ ತಾನೇ ಸೈನ್ಯ ಕಟ್ಕೊಂಡು ವರ್ಷಗಟ್ಟಲೆ ಯುದ್ಧ ಮಾಡಿ ರಾಜ್ಯ ಉಳಿಸಿದವಳು. ಮಗ ಮತ್ತೆ ಮನುಷ್ಯನಾದ ಅಂತ ಅವಳಿಗೆ ಆನಂದವೋ ಆನಂದ. ಶಾಪ ಬಿಡಿಸಿದ ಹುಡುಗಿಯ ಮೇಲೆ ಪ್ರೀತಿಯೋ ಪ್ರೀತಿ. ಆಮೇಲೆ ಗೊತ್ತಾಗುತ್ತೆ, ಹುಡುಗಿ ವ್ಯಾಪಾರಿಯ ಮಗಳು ಅಂತ.

ರಾಣಿಯ ಮುಖ ಅಲ್ಲಿಗೆ ಬದಲಾಗುತ್ತೆ. ಹುಡುಗಿ ಒಳ್ಳೆಯವಳು, ಗುಣವಂತೆ, ಮಗನ ಜೀವ ಉಳಿಸಿದವಳು, ಎಲ್ಲ ಸರಿ. ಆದ್ರೆ ನಮ್ಮ ರಕ್ತಕ್ಕೆ ಆ ರಕ್ತ ಹೇಗೆ ಸೇರಿಸೋದು? ಇದು ಅವಳ ವಾದದ ತಾತ್ಪರ್ಯ. ಯಕ್ಷಿಣಿ ಗುಣದ ಪರವಾಗಿ ವಾದ ಮಾಡ್ತಾಳೆ, ರಾಣಿ ಜಗ್ಗಲ್ಲ. ಬೆಲ್ ತಾನಾಗೇ ಹಿಂದೆ ಸರಿದು, ನಮ್ಮಪ್ಪನ ಮನೆಗೆ ಹೋಗ್ತೀನಿ ಅಂತಾಳೆ. ಯಾರೂ ಹೊರಗೆ ಹಾಕಲಿಲ್ಲ. ತಾನೇ ಹೊರಡ್ತಾಳೆ. ಇಂಥ ಕಡೆ ಹೊರಗೆ ಹಾಕೋ ಅಗತ್ಯ ಬೀಳಲ್ಲ ನೋಡಿ, ನಮಗೇ ಅರ್ಥ ಆಗಿರುತ್ತೆ.

ಮಗ ಮೃಗವಾಗಿದ್ದಾಗ ಹುಡುಗಿ ಯಾವ ಕುಲವಾದ್ರೂ ನಡೀತಿತ್ತು. ಅವನ ಜೊತೆ ಬಾಳೋಕೆ, ಅವನಿಗೆ ಹೆದರೋಕೆ, ಅವನಿಗೆ ಮನಸ್ಸು ಕೊಡೋಕೆ ವ್ಯಾಪಾರಿಯ ಮಗಳು ಸಾಕು. ಅವನು ಮನುಷ್ಯನಾದ ತಕ್ಷಣ ಅವಳು ಸಾಲದಾದಳು. ಸೇವೆಗೆ ಬೇಕು, ಸಂಬಂಧಕ್ಕೆ ಬೇಡ. ಇದನ್ನ ನಿಮಗೆ ಬಿಡಿಸಿ ಹೇಳಬೇಕಾ?

ಹಾಗಾದ್ರೆ ಕತೆ ಈ ಗಂಟನ್ನ ಹೇಗೆ ಬಿಡಿಸ್ತು? ರಾಣಿಯ ಮನಸ್ಸು ಬದಲಾಯ್ತಾ? ಇಲ್ಲ. ಹುಡುಗಿಯ ಹುಟ್ಟು ಬದಲಾಯ್ತು.

ಯಕ್ಷಿಣಿ ಒಂದು ಗುಟ್ಟು ಬಿಚ್ಚಿಡ್ತಾಳೆ. ಬೆಲ್ ವ್ಯಾಪಾರಿಯ ಮಗಳೇ ಅಲ್ಲ. ವ್ಯಾಪಾರಿಯ ನಿಜವಾದ ಮಗಳು ಕೂಸಾಗಿದ್ದಾಗಲೇ ತೀರಿಹೋಗಿತ್ತು, ಆ ಜಾಗದಲ್ಲಿ ಈ ಮಗು ಇಟ್ಟಿದ್ದು. ಈಕೆಯ ಅಪ್ಪ ಸೌಭಾಗ್ಯ ದ್ವೀಪದ ರಾಜ, ರಾಣಿಯ ಒಡಹುಟ್ಟಿದವನು. ತಾಯಿ ಕುರಿ ಕಾಯೋಳು ಅಂತ ಎಲ್ಲರೂ ಅಂದ್ಕೊಂಡಿದ್ದರು, ಅವಳೂ ನಿಜದಲ್ಲಿ ವೇಷ ಮರೆಸಿಕೊಂಡ ಯಕ್ಷಿಣಿ. ಅಂದ್ರೆ ಅಪ್ಪನ ಕಡೆಯಿಂದ ರಾಜವಂಶ, ಅಮ್ಮನ ಕಡೆಯಿಂದ ದೇವವಂಶ. ಎರಡೂ ಕಡೆ ತೊಳೆದು ಮಡಿ ಮಾಡಿದಂತಾಯ್ತು. ಕುರಿ ಕಾಯೋಳು ಕುರಿ ಕಾಯೋಳಾಗಿ ಉಳೀಲಿಲ್ಲ, ವ್ಯಾಪಾರಿಯ ಮಗಳು ವ್ಯಾಪಾರಿಯ ಮಗಳಾಗಿ ಉಳೀಲಿಲ್ಲ.

ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಹುಡುಗನಿಗೆ ಅವಳು ಸೋದರಮಾವನ ಮಗಳು. ಲೋಕವೆಲ್ಲ ಕುಲ ಮೀರಿದ ಪ್ರೇಮ ಅಂತ ಹಾಡಿ ಹೊಗಳಿದ ಕತೆ, ಮೂಲದಲ್ಲಿ ಸಂಬಂಧ ಬಿಟ್ಟು ಹೊರಗೇ ಹೋಗಿಲ್ಲ. ಮಾವನ ಮಗಳನ್ನ ತಂದ್ಕೊಂಡ ಮದುವೆ!

ನಾನು ಕಚೇರಿಯಲ್ಲಿ ಫೈಲು ನೋಡೋ ಗುಮಾಸ್ತ. ಆ ಕೊನೆಯ ಭಾಗ ನನಗೆ ಕಾಣೋದೇ ಬೇರೆ ಥರ. ಅರ್ಜಿದಾರಳ ಹೆಸರು ಬೆಲ್. ಆಕ್ಷೇಪಣೆ ಸಲ್ಲಿಸಿದವರು ವರನ ತಾಯಿ. ದಾಖಲೆ ಕೊಡಿ ಅಂತ ನೋಟಿಸ್. ಯಕ್ಷಿಣಿ ವಂಶವೃಕ್ಷ ಹಾಜರುಪಡಿಸ್ತಾಳೆ, ತಂದೆ ಕಡೆಯದು ಒಂದು, ತಾಯಿ ಕಡೆಯದು ಒಂದು. ಪರಿಶೀಲಿಸಿ ಸರಿಯಿದೆ ಅಂತ ಷರಾ. ಮದುವೆ ಮಂಜೂರು. ಮೃಗವನ್ನ ಮನುಷ್ಯನನ್ನಾಗಿ ಮಾಡೋಕೆ ಒಂದು ರಾತ್ರಿ ಸಾಕಾಯ್ತು. ಹುಡುಗಿಯ ಹುಟ್ಟನ್ನ ಸರಿಮಾಡೋಕೆ ಪುಟಗಟ್ಟಲೆ ಬೇಕಾಯ್ತು.

ಇದು ಬರೀ ಕತೆಗಾರ್ತಿಯ ಕಲ್ಪನೆ ಅಂದ್ಕೋಬೇಡಿ. ಆಗಿನ ಫ್ರಾನ್ಸ್ ಇದ್ದದ್ದೇ ಹಾಗೆ. ಎರಡನೇ ಹೆನ್ರಿಯ 1556ರ ಆಜ್ಞೆ ಪ್ರಕಾರ ಗಂಡುಮಕ್ಕಳು 30 ವರ್ಷದೊಳಗೆ, ಹೆಣ್ಣುಮಕ್ಕಳು 25 ವರ್ಷದೊಳಗೆ ಹೆತ್ತವರ ಒಪ್ಪಿಗೆ ಇಲ್ಲದೆ ಮದುವೆಯಾದ್ರೆ ಆಸ್ತಿಯಿಂದ ಹೊರಗಿಡಬಹುದಿತ್ತು. ಕುಲೀನನೊಬ್ಬ ಅಂಗಡಿ ವ್ಯಾಪಾರಕ್ಕೆ ಇಳಿದ್ರೆ ಅವನ ಕುಲೀನ ಸ್ಥಾನವೇ ಹೋಗ್ತಿತ್ತು. ಹಾಗಂತ ವ್ಯಾಪಾರಿಯ ದುಡ್ಡು ಬೇಡವಾಗಿತ್ತಾ? ಬೇಕಿತ್ತು. ಸಾಲದಲ್ಲಿ ಮುಳುಗಿದ ಮನೆತನಗಳು ವರದಕ್ಷಿಣೆಗಾಗಿ ಶ್ರೀಮಂತ ವ್ಯಾಪಾರಿಗಳ ಹೆಣ್ಣು ತರ್ತಿದ್ದರು. ಅದಕ್ಕೆ ಅವರಲ್ಲಿ ಒಂದು ಮಾತೇ ಇತ್ತು: ಜಮೀನಿಗೆ ಗೊಬ್ಬರ ಹಾಕೋದು. ಮನೆಗೆ ಬಂದ ಸೊಸೆಯನ್ನ ಗೊಬ್ಬರ ಅನ್ನೋ ಜನ. ಇನ್ನು ಹದಿನಾಲ್ಕನೇ ಲೂಯಿಯಂಥ ಲೂಯಿಯೇ ಮದಾಮ್ ದ ಮ್ಯಾಂತನೋನ್ ಅವಳನ್ನ ಗುಟ್ಟಾಗಿ ಮದುವೆಯಾದ. ಕೊನೇವರೆಗೂ ಅವಳನ್ನ ರಾಣಿ ಅಂತ ಘೋಷಿಸಲಿಲ್ಲ.

ಕಾಲ ಮುಂದೆ ಹೋದ ಹಾಗೆ ಸಡಿಲ ಆಯ್ತಾ? ಇಲ್ಲ, ಇನ್ನೂ ಬಿಗಿಯಾಯ್ತು. 1760ರ ಹೊತ್ತಿಗೆ ರಾಜನ ಆಸ್ಥಾನದಲ್ಲಿ ಹಾಜರಾಗೋ ಗೌರವ ಬೇಕಂದ್ರೆ 1400ನೇ ಇಸವಿಯ ತನಕ ಕುಲೀನತೆಯ ಪುರಾವೆ ತೋರಿಸಬೇಕು ಅಂತ ನಿಯಮ ಬಂತು. 1781ರಲ್ಲಿ ಸೈನ್ಯದಲ್ಲಿ ಅಧಿಕಾರಿಯಾಗಬೇಕಂದ್ರೆ ತಂದೆ ಕಡೆಯಿಂದ ನಾಲ್ಕು ತಲೆಮಾರು ಕುಲೀನರಾಗಿರಬೇಕು ಅಂತ ಆಜ್ಞೆ ಆಯ್ತು. ದಾಖಲೆ ಪರಿಶೀಲಿಸೋಕೆ ಅಂತಲೇ ವಂಶಾವಳಿ ಅಧಿಕಾರಿಗಳಿದ್ದರು. ಕೆಳಗಿನವರು ಮೇಲೆ ಬರೋಕೆ ಶುರುವಾದಾಗಲೇ ಮೇಲಿನವರು ಹಳೇ ಕಾಗದ ಕೇಳೋದು.

ಇಲ್ಲಿ ಇನ್ನೊಬ್ಬ ಮನುಷ್ಯನನ್ನ ನೆನಪಿಸಿಕೊಳ್ಳಬೇಕು. ಪೆಟ್ರಸ್ ಗೊನ್ಸಾಲ್ವಸ್. ಕೆನರಿ ದ್ವೀಪಗಳ ಟೆನೆರಿಫ್‌ನಲ್ಲಿ ಹುಟ್ಟಿದವನು. ಮುಖ, ಮೈಯೆಲ್ಲ ಕೂದಲು ಬೆಳೆಯೋ ಕಾಯಿಲೆ. 1547ರಲ್ಲಿ, ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ, ಅವನನ್ನ ಎರಡನೇ ಹೆನ್ರಿಯ ಆಸ್ಥಾನಕ್ಕೆ ವಿಚಿತ್ರ ಪ್ರಾಣಿ ಅನ್ನೋ ಹಾಗೆ ತಂದರು. ಅವನು ಲ್ಯಾಟಿನ್ ಕಲಿತ, ಕ್ಯಾಥರೀನ್ ಅನ್ನೋ ಹೆಣ್ಣಿನ ಜೊತೆ ಮದುವೆ ಆಯ್ತು, ಮಕ್ಕಳಾದವು. ಕೆಲವು ಮಕ್ಕಳಿಗೆ ಅಪ್ಪನ ಹಾಗೇ ಕೂದಲು. ಆ ಮಕ್ಕಳನ್ನ ದೊಡ್ಡಮನುಷ್ಯರು ತಮ್ಮತಮ್ಮಲ್ಲೇ ಉಡುಗೊರೆ ಥರ ಹಂಚಿಕೊಂಡರು. ಈ ದಂಪತಿಯೇ ಕತೆಗೆ ಮೂಲ ಅಂತ ಕೆಲವರು ಹೇಳ್ತಾರೆ, ಅದಕ್ಕೆ ಪುರಾವೆ ಇಲ್ಲ. ನನಗೆ ಮುಖ್ಯ ಬೇರೆ. ಮಗಳು ಆಂತೋನಿಯೆಟ್ಟಾಳ ಚಿತ್ರವನ್ನ ಇಟಲಿಯ ಕಲಾವಿದೆ ಲವೀನಿಯಾ ಫೊಂತಾನಾ ಬರೆದಿದ್ದಾಳೆ. ಹೂವು ಮುಡಿದು, ಒಳ್ಳೇ ಬಟ್ಟೆ ಹಾಕ್ಕೊಂಡು ನಿಂತ ಪುಟ್ಟ ಹುಡುಗಿ. ಮುಖದ ತುಂಬ ಕೂದಲು. ಕೈಯಲ್ಲಿ ಒಂದು ಕಾಗದ. ಅವಳ ಅಪ್ಪ ಯಾರು, ಎಲ್ಲಿಂದ ಯಾರ ಹತ್ರಕ್ಕೆ ಬಂದ ಅನ್ನೋ ವಿವರ ಆ ಕಾಗದದಲ್ಲಿದೆ. ಕತೆಯ ಮೃಗ ಒಂದು ರಾತ್ರಿಯಲ್ಲಿ ಬದಲಾಯ್ತು, ಯಾಕಂದ್ರೆ ಅದು ಹುಟ್ಟಿನಿಂದ ರಾಜಕುಮಾರ. ಬದುಕಿನ ಈ ಮಗು ಮಾತ್ರ ತನ್ನ ಹುಟ್ಟಿನ ಕಾಗದ ಕೈಯಲ್ಲಿ ಹಿಡ್ಕೊಂಡೇ ನಿಂತಿದೆ.

ವಿಲ್ನೆವ್ ಸತ್ತ ಮರುವರ್ಷ, 1756ರಲ್ಲಿ, ಲಂಡನ್ನಿನಲ್ಲಿ ಮನೆಪಾಠದ ಟೀಚರ್ ಆಗಿದ್ದ ಇನ್ನೊಬ್ಬ ಫ್ರೆಂಚ್ ಮಹಿಳೆ ಲಪ್ರಾನ್ಸ್ ದ ಬೋಮಾಂ ಈ ಕತೆಯನ್ನ ಹುಡುಗಿಯರ ಓದಿಗೆ ಅಂತ ಚಿಕ್ಕದು ಮಾಡಿದಳು. ಹನ್ನೆರಡು ಮಕ್ಕಳು ಆರಾದರು. ಜೊತೆ ಮಲಗಲಾ ಅನ್ನೋದು ಮದುವೆ ಆಗ್ತೀಯಾ ಅಂತಾಯ್ತು. ರಾಣಿಯ ಆಕ್ಷೇಪಣೆ ಪೂರ್ತಿ ಮಾಯ, ಅದರ ಜೊತೆಗೆ ಗುಟ್ಟಿನ ರಾಜವಂಶವೂ ಮಾಯ. ಬೆಲ್ ವ್ಯಾಪಾರಿಯ ಮಗಳಾಗೇ ಉಳಿದು ರಾಣಿಯಾದಳು. ವಿಲ್ನೆವ್ ಹೆಸರನ್ನೂ ಆಕೆ ಹೇಳಲಿಲ್ಲ. ಲೋಕಕ್ಕೆಲ್ಲ ಹರಡಿದ್ದು ಈ ಚಿಕ್ಕ ಕತೆ.

ಒಂದು ರೀತಿ ಇದು ಒಳ್ಳೇದೇ ಅನ್ನಬಹುದು. ಕುಲದ ಮಾತೇ ಇಲ್ಲದ ಕತೆ ಒಳ್ಳೇದಲ್ವಾ? ಇನ್ನೂರು ವರ್ಷ ದಾಟಿದ ಮೇಲೆ ಇದು ಮತ್ತೆ ಕಾದಂಬರಿಯ ಗಾತ್ರಕ್ಕೆ ಬೆಳೀತು. 1978ರಲ್ಲಿ ಅಮೆರಿಕದ ರಾಬಿನ್ ಮೆಕಿನ್ಲಿ ತನ್ನ ಮೊದಲ ಕಾದಂಬರಿಯಾಗಿ 'ಬ್ಯೂಟಿ' ಬರೆದಳು. ಅದರ ನಾಯಕಿ ಅಂಥ ಚೆಲುವೆಯೇನಲ್ಲ, ಪುಸ್ತಕ, ಕುದುರೆ ಅಂದ್ರೆ ಪ್ರಾಣ. 1991ರ ಡಿಸ್ನಿ ಸಿನಿಮಾದಲ್ಲೂ ಓದೋ ಹುಡುಗಿ. ಎರಡರಲ್ಲೂ ಹುಡುಗಿಯ ಕುಲ ಕೇಳೋ ಅತ್ತೆ ಇಲ್ಲ. ಮನೆಯಲ್ಲಿ ತಟ್ಟೆ ಲೋಟ ಎಲ್ಲ ಹಾಡಿ ಕುಣೀತವೆ, ನೀನು ಯಾರ ಪೈಕಿ ಅಂತ ಮಾತ್ರ ಯಾರೂ ಕೇಳಲ್ಲ.

ನನ್ನ ತಕರಾರು ಇರೋದು ಇಲ್ಲಿ. ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸೋದು ಬೇರೆ, ಪ್ರಶ್ನೆ ಕೇಳಿದವಳನ್ನ ಕತೆಯಿಂದ ತೆಗೆದುಹಾಕೋದು ಬೇರೆ. ಕತೆಯಲ್ಲಿ ಇಲ್ಲದ ಮಾತ್ರಕ್ಕೆ ರಾಣಿ ಸತ್ತಿಲ್ಲ. 'ನಾವು ಜಾತಿ ನೋಡಲ್ಲ' ಅನ್ನೋ ಮನೆಗಳನ್ನ ನಾವೆಲ್ಲ ನೋಡಿದ್ದೀವಿ. ಅಲ್ಲಿ ಜಾತಿಯ ಮಾತು ಬರಲ್ಲ, ನಿಜ. ಮಗಳ ಮದುವೆ ಮಾತು ಬರೋ ತನಕ. ಈ ವಿಷಯದಲ್ಲಿ ಹಳೇ ವಿಲ್ನೆವ್ ಹೆಚ್ಚು ಪ್ರಾಮಾಣಿಕಳು. ಪ್ರಶ್ನೆಯನ್ನ ಎಲ್ಲರ ಎದುರಿಗೆ ರಾಣಿಯ ಬಾಯಲ್ಲೇ ಹಾಕಿದಳು. ಉತ್ತರ ಕೊಡುವಾಗ ಮಾತ್ರ ಸುಳ್ಳಿನ ವಂಶವೃಕ್ಷ ಬರೆದಳು.

ಇನ್ನೊಂದು ಮಾತು. ನಮ್ಮ ಮೇಲೆ ಕರುಣೆ ಇರೋ ಕೆಲವರು ಈ ಕತೆಯನ್ನ ನಮಗೆ ಹೊಂದಿಸಿ ಹೇಳೋದನ್ನ ಕೇಳಿದ್ದೀನಿ. ಸಮಾಜ ದೂರ ಇಟ್ಟವರನ್ನ ಪ್ರೀತಿಯಿಂದ ಮುಟ್ಟಿದ್ರೆ ಅವರೂ ಮನುಷ್ಯರಾಗ್ತಾರೆ, ಮೃಗದ ಥರ, ಅಂತ. ಒಳ್ಳೇ ಮನಸ್ಸಿಂದಲೇ ಹೇಳಿರಬಹುದು. ಆದ್ರೆ ನಾವು ಆ ಮೃಗ ಅಲ್ಲ ಸ್ವಾಮಿ. ಆ ಮೃಗಕ್ಕೆ ಅರಮನೆ ಇದೆ, ಪೆಟ್ಟಿಗೆ ತುಂಬ ಚಿನ್ನ ಇದೆ, ತೋಟದ ಒಂದು ಹೂವು ಕಿತ್ತವನ ಜೀವ ತೆಗೀತೀನಿ ಅನ್ನೋ ಅಧಿಕಾರ ಇದೆ. ರೂಪ ಕೆಟ್ಟಿದೆ ಅಷ್ಟೇ, ಹುಟ್ಟು ಕೆಟ್ಟಿಲ್ಲ. ಆ ಕತೆಯಲ್ಲಿ ಹುಟ್ಟಿನ ಕಾರಣಕ್ಕೆ ತಲೆತಗ್ಗಿಸಿ ನಿಂತವಳು ಬೆಲ್. ಮನುಷ್ಯರಾಗೋಕೆ ನಾವು ಯಾರ ಪ್ರೀತಿಗೂ ಕಾಯ್ತಾ ಕೂತಿಲ್ಲ. ನಾವು ಆಗಲೇ ಮನುಷ್ಯರು. ಬದಲಾಗಬೇಕಾದ್ದು ರಾಣಿ.

ಹುಟ್ಟು ತಿದ್ದಿ ಮದುವೆ ಮಾಡಿಸೋ ಈ ಉಪಾಯ ಫ್ರಾನ್ಸಿನದ್ದು ಮಾತ್ರ ಅಲ್ಲ. ಮಹಾಭಾರತದ ಸತ್ಯವತಿಯನ್ನ ನೋಡಿ. ದೋಣಿ ನಡೆಸೋ ಬೆಸ್ತರ ಹುಡುಗಿ, ಶಂತನು ಮಹಾರಾಜ ಮೆಚ್ಚಿದ. ಬೆಸ್ತರ ಮಗಳು ಹಸ್ತಿನಾವತಿಗೆ ರಾಣಿಯಾದಳು ಅಂತ ಅಲ್ಲಿಗೆ ಬಿಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಬಿಡಲಿಲ್ಲ. ಅವಳು ನಿಜದಲ್ಲಿ ಉಪರಿಚರ ವಸು ಅನ್ನೋ ರಾಜನ ಬೀಜಕ್ಕೆ, ಮೀನಿನ ರೂಪದ ಅಪ್ಸರೆಯ ಹೊಟ್ಟೆಯಲ್ಲಿ ಹುಟ್ಟಿದವಳು ಅಂತ ಬರೆದರು. ಅಪ್ಪ ರಾಜ, ಅಮ್ಮ ಅಪ್ಸರೆ. ಬೆಲ್‌ದೂ ಅದೇ ಲೆಕ್ಕ ಅಲ್ವಾ? ಅವಳಿ ಮಕ್ಕಳಲ್ಲಿ ಗಂಡುಮಗುವನ್ನ ರಾಜ ಇಟ್ಕೊಂಡ, ಹೆಣ್ಣುಮಗುವನ್ನ ಬೆಸ್ತರಿಗೆ ಕೊಟ್ಟ ಅಂತಲೂ ಅಲ್ಲೇ ಇದೆ. ಕರ್ಣನ ಕತೆಯೂ ಹಾಗೇ, ಸೂತನ ಮಗ ಅಷ್ಟು ದೊಡ್ಡ ಬಿಲ್ಲುಗಾರನಾಗೋಕೆ ಸಾಧ್ಯವಿಲ್ಲ, ಕ್ಷತ್ರಿಯನಾಗಿರಲೇಬೇಕು. ಹಳೇ ಸಿನಿಮಾಗಳಲ್ಲಿ ಬಡ ಹುಡುಗಿಯ ಕತ್ತಿನ ತಾಯಿತ ನೋಡಿ, ಇವಳು ಜಮೀನ್ದಾರರ ಕಳೆದುಹೋದ ಮಗಳು ಅಂತ ಗೊತ್ತಾಗಿ ಮದುವೆ ಆಗ್ತಿತ್ತಲ್ಲ, ಅದೂ ಇದೇ.

ಕತೆಗಳು ಯಾಕೆ ಮದುವೆಯ ಹತ್ರ ಬಂದೇ ಹೀಗೆ ತಡವರಿಸ್ತವೆ? ಬಾಬಾಸಾಹೇಬರು 1916ರಲ್ಲಿ, ಇನ್ನೂ 25 ವರ್ಷದ ವಿದ್ಯಾರ್ಥಿಯಾಗಿದ್ದಾಗ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲೇ ಇದಕ್ಕೆ ಉತ್ತರ ಇದೆ. ಜಾತಿಯ ಜೀವಾಳ ಇರೋದು ಒಳವಿವಾಹದಲ್ಲಿ, ತಮ್ಮೊಳಗೇ ಹೆಣ್ಣು ಕೊಟ್ಟು ತರೋದರಲ್ಲಿ, ಅಂತ ಅವರು ತೋರಿಸಿದರು. 1936ರ 'ಜಾತಿ ವಿನಾಶ'ದಲ್ಲಿ ಇನ್ನೂ ಮುಂದೆ ಹೋದರು. ಜೊತೆಗೆ ಕೂತು ಉಂಡರೆ ಸಾಲದು, ಅಂತರ್ಜಾತಿ ಮದುವೆಯೇ ನಿಜವಾದ ಮದ್ದು, ಆದ್ರೆ ಹುಟ್ಟಿನ ಮೇಲುಕೀಳನ್ನ ಪವಿತ್ರ ಅಂತ ಹೇಳೋ ಶಾಸ್ತ್ರದ ಅಧಿಕಾರವನ್ನ ಮುರಿಯದೆ ಜನ ಆ ಮದ್ದು ಕುಡಿಯಲ್ಲ ಅಂದರು. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ್‌ನವರು ಕರೆದು, ಭಾಷಣದ ಪ್ರತಿ ನೋಡಿ ಹಿಂಜರಿದು ಸಭೆಯನ್ನೇ ರದ್ದು ಮಾಡಿದರು. ಅವರೇ ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಿದರು. ಜಾತಿ ಮುರೀತೀವಿ ಅಂತ ಸಂಘ ಕಟ್ಟಿದವರೂ ರಾಣಿಯ ಪ್ರಶ್ನೆ ಎದುರಾದಾಗ ಹಿಂದೆ ಸರಿದರು.

ನಮ್ಮ ನೆಲದಲ್ಲಿ ಬೇರೆ ಉತ್ತರವೊಂದು ಇತ್ತು. ಹನ್ನೆರಡನೇ ಶತಮಾನದ ಕಲ್ಯಾಣ. ಚಪ್ಪಲಿ ಹೊಲಿಯೋ ಹರಳಯ್ಯನವರ ಮಗ, ಬ್ರಾಹ್ಮಣರಾಗಿ ಹುಟ್ಟಿ ಶರಣರಾದ ಮಧುವರಸರ ಮಗಳು. ಶರಣರು ನಿಂತು ಮದುವೆ ಮಾಡಿಸಿದರು. ಈ ಕತೆಯಲ್ಲಿ ಯಾವ ಯಕ್ಷಿಣಿಯೂ ಇಳಿದು ಬರಲಿಲ್ಲ. ಹರಳಯ್ಯನ ಮಗ ನಿಜದಲ್ಲಿ ಯಾರೋ ಅಗ್ರಹಾರದವರ ಕೂಸು, ತೊಟ್ಟಿಲಲ್ಲಿ ಅದಲುಬದಲಾಗಿತ್ತು ಅಂತ ಯಾರೂ ಹೇಳಲಿಲ್ಲ. ಅವನು ಹರಳಯ್ಯನ ಮಗನಾಗೇ ಹಸೆಮಣೆಯ ಮೇಲೆ ಕೂತ. ಹುಟ್ಟನ್ನ ತಿದ್ದಲಿಲ್ಲ, ಹುಟ್ಟನ್ನ ಲೆಕ್ಕಕ್ಕೇ ಹಿಡಿಯಲಿಲ್ಲ. ಅದಕ್ಕೇ ಆ ಕತೆ ಸುಖವಾಗಿ ಮುಗಿಯಲಿಲ್ಲ. ಅವರಿಗೆ ಎಳೆಹೂಟೆ ಶಿಕ್ಷೆ ಆಯ್ತು, ಕಲ್ಯಾಣ ಚದುರಿಹೋಯ್ತು ಅಂತ ಶರಣ ಪರಂಪರೆ ನೆನಪಿಟ್ಟುಕೊಂಡಿದೆ. ಸುಳ್ಳು ವಂಶವೃಕ್ಷದ ಕತೆಗೆ ಓಲಗ, ನಿಜವಾದ ಮದುವೆಗೆ ಆನೆಕಾಲು. ಇವತ್ತಿನ ಮರ್ಯಾದೆಗೇಡು ಹತ್ಯೆಗಳ ಸುದ್ದಿ ಓದುವಾಗೆಲ್ಲ ನನಗೆ ಅದೇ ನೆನಪಾಗುತ್ತೆ. ವಯಸ್ಸಿಗೆ ಬಂದವರು ಜಾತಿ ಮೀರಿ ಮದುವೆಯಾಗೋಕೆ ಈ ದೇಶದಲ್ಲಿ ಯಾವ ಕಾನೂನೂ ಅಡ್ಡಿಯಿಲ್ಲ ಅಂತ 2006ರಲ್ಲಿ ಲತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಣಿ ಮಾತ್ರ ತೀರ್ಪು ಓದಿಲ್ಲ.

ಕೊನೆಗೆ ಆ ಹಡಗು ಹೊರಟಿದ್ದ ದ್ವೀಪದ ಮಾತು. ಫ್ರಾನ್ಸಿನಲ್ಲಿ 1790ರ ಜೂನ್‌ನಲ್ಲಿ ಹುಟ್ಟಿನಿಂದ ಬರೋ ಕುಲೀನ ಪದವಿಯನ್ನೇ ರದ್ದು ಮಾಡಿದರು. ರಾಣಿಯ ಪ್ರಶ್ನೆಗೆ ಕಾನೂನಿನಲ್ಲಿ ಜಾಗ ಇಲ್ಲದಂತಾಯ್ತು. ಆದರೆ ಗುಲಾಮರಿಗೆ ಆ ಸಮಾನತೆ ಹಡಗು ಹತ್ತಿ ಬರಲಿಲ್ಲ. 1791ರ ಆಗಸ್ಟ್‌ನಲ್ಲಿ ಸಾನ್ ದೊಮಾಂಗ್‌ನ ಗುಲಾಮರು ತಾವೇ ಎದ್ದರು. ಆಗ ಆ ದ್ವೀಪದಲ್ಲಿ ಗುಲಾಮರ ಸಂಖ್ಯೆ ಸುಮಾರು 5 ಲಕ್ಷ. ನೆಪೋಲಿಯನ್ ಸೈನ್ಯವನ್ನೂ ಸೋಲಿಸಿ 1804ರ ಜನವರಿ 1ರಂದು ಹೈಟಿ ಸ್ವತಂತ್ರ ದೇಶವಾಯ್ತು. ಆಮೇಲೂ ಫ್ರಾನ್ಸ್ ಬಿಡಲಿಲ್ಲ, ಕಳಕೊಂಡ ಆಸ್ತಿಗೆ ಪರಿಹಾರ ಕೊಡಿ ಅಂತ 1825ರಲ್ಲಿ 15 ಕೋಟಿ ಫ್ರಾಂಕ್ ಹೇರಿತು. ಆ ಆಸ್ತಿಯ ಲೆಕ್ಕದಲ್ಲಿ ಬಿಡುಗಡೆಯಾದ ಮನುಷ್ಯರೂ ಸೇರಿದ್ದರು. ಅಷ್ಟೆಲ್ಲ ಆದ್ರೂ ಒಂದು ಸತ್ಯ ಉಳೀತು. ಆ ಜನ ತಾವು ಕಳೆದುಹೋದ ರಾಜಕುಮಾರರು ಅಂತ ಸಾಬೀತು ಮಾಡೋಕೆ ಹೋಗಲಿಲ್ಲ. ಗುಲಾಮರಾಗಿ ಹುಟ್ಟಿದವರೇ, ಆ ಹುಟ್ಟಿಗೆ ಯಾವ ಬೆಲೆಯೂ ಇಲ್ಲ ಅಂತ ಹೋರಾಡಿ ತೋರಿಸಿದರು.

ಮಕ್ಕಳಿಗೆ ಈ ಕತೆ ಹೇಳಬೇಡಿ ಅಂತ ನಾನು ಹೇಳಲ್ಲ. ಚೆನ್ನಾಗಿರೋ ಕತೆ, ಹೇಳಿ. ರಾಜಕುಮಾರ ಎದ್ದು ಕೂತ ಮೇಲೆ ಪುಸ್ತಕ ಮುಚ್ಚಬೇಡಿ, ಅಷ್ಟೇ. ಅವನ ಅಮ್ಮ ಬಂದು ನೀನು ಯಾರ ಮಗಳು ಅಂತ ಕೇಳಿದ್ದನ್ನೂ ಹೇಳಿ. ಬೆಲ್ ಏನು ಉತ್ತರ ಕೊಡಬೇಕಿತ್ತು ಅಂತ ಮಕ್ಕಳನ್ನೇ ಕೇಳಿ. 'ನಾನು ವ್ಯಾಪಾರಿಯ ಮಗಳು, ಏನೀಗ?' ಅಂತ ನಿಮ್ಮ ಮನೆಯ ಹುಡುಗಿಯೊಬ್ಬಳು ಅಂದ್ರೆ, ವಿಲ್ನೆವ್ 1740ರಲ್ಲಿ ಬರೆಯದೆ ಬಿಟ್ಟ ಸಾಲು ಅದೇ ಅಂತ ಅವಳಿಗೆ ಹೇಳಿ.

ಜೈ ಭೀಮ್.